ಒಳ್ಳೆಯ ಚುಟ್ಟಾ

'ಒಳ್ಳೆಯ' ಎಂಬುದು ನಮ್ಮ ಭಾಷೆಯಲ್ಲಿ ಬಿಡುವಿಲ್ಲದೆ ದುಡಿಯುವ ಗುಣವಾಚಕ. ಒಳ್ಳೆಯ ಮನುಷ್ಯ ಎನ್ನುತ್ತೇವೆ, ಒಳ್ಳೆಯ ಕುಡುಗೋಲು ಎನ್ನುತ್ತೇವೆ. ಒಳ್ಳೆಯ ಮಳೆ, ಒಳ್ಳೆಯ ಸಾರು, ಒಳ್ಳೆಯ ಗಳಿಗೆ ಎನ್ನುತ್ತೇವೆ. ವ್ಯಾಕರಣದ ತರಗತಿಯಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಲ್ಲುತ್ತವೆ. ತರಗತಿಯಿಂದ ಹೊರಗೆ ಬಂದ ಕೂಡಲೇ ಸಾಲು ಚದುರುತ್ತದೆ. ಕುಡುಗೋಲು ಒಳ್ಳೆಯದು ಎಂದರೆ ಹರಿತವಾಗಿದೆ, ಹಿಡಿ ಕೈಗೆ ಒಗ್ಗುತ್ತದೆ ಎಂದಷ್ಟೇ ಅರ್ಥ. ಮನುಷ್ಯ ಒಳ್ಳೆಯವನು ಎಂದರೆ ಅರ್ಥವೇ ಬೇರೆ. ಒಂದು ಕೆಲಸದಲ್ಲಿ ನೈಪುಣ್ಯ, ಇನ್ನೊಂದು ನಡತೆಯಲ್ಲಿ ಧರ್ಮ. ಎರಡಕ್ಕೂ ನಾವು ಒಂದೇ ಪದ ಇಟ್ಟುಕೊಂಡು ಅಷ್ಟೇನೂ ತೊಂದರೆಯಿಲ್ಲದೆ ಬಾಳುತ್ತಿದ್ದೇವೆ. ತೊಂದರೆ ಬರುವುದು 'ಇದು ಒಳ್ಳೆಯ ಚುಟ್ಟಾ' ಎಂಬಂಥ ಮಾತು ಕಿವಿಗೆ ಬಿದ್ದಾಗ.

ಮೇಷ್ಟ್ರಮ್ಮನಿಗೂ ಚುಟ್ಟಾಕ್ಕೂ ಏನು ಸಂಬಂಧ ಎಂದು ನೀವು ನಗಬಹುದು. ಸಂಬಂಧ ಇದೆ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ್ದು ಹುಣಸೂರು ತಾಲ್ಲೂಕಿನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಹೊಗೆಸೊಪ್ಪು ಎಂದರೆ ಬೆಳೆ ಮಾತ್ರವಲ್ಲ, ಪಂಚಾಂಗವೂ ಹೌದು. ಮದುವೆ, ಮನೆ ಕಟ್ಟುವುದು, ಸಾಲ ತೀರಿಸುವುದು, ಮಗಳ ಕಾಲೇಜು, ಎಲ್ಲಕ್ಕೂ 'ಸೊಪ್ಪು ಮಾರಿದ ಮೇಲೆ' ಎಂಬುದೇ ಮುಹೂರ್ತ. ಆದರೆ ಅಲ್ಲಿ ಬೆಳೆಯುವ ಸೊಪ್ಪು ಸಿಗರೇಟಿಗೆ ಹೋಗುವಂಥದು. ಚುಟ್ಟಾದ ಸೊಪ್ಪನ್ನು, ಅದರಲ್ಲೂ ಜಗತ್ತಿನ ಶೋಕಿದಾರರು ಬೆಲೆ ಕೊಟ್ಟು ಕೊಳ್ಳುವ ಕಪ್ಪು ಹೊದಿಕೆಯ ಚುಟ್ಟಾದ ಸೊಪ್ಪನ್ನು, ನಾನು ನೋಡಿದ್ದು 2019ರ ಆಗಸ್ಟ್‌ನಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ನನ್ನ ತಮ್ಮ ಅಲ್ಲಿ ಒಂದು ವಿಮಾ ಕಂಪನಿಯಲ್ಲಿದ್ದಾನೆ. ಹೊಸ ಮನೆಯ ಗೃಹಪ್ರವೇಶಕ್ಕೆ ಅಕ್ಕ ಬರಲೇಬೇಕು ಎಂದು ಹಟ ಹಿಡಿದು ಕರೆಸಿಕೊಂಡಿದ್ದ.

ವಿಮಾನ ಇಳಿದು ಕಾರಿನಲ್ಲಿ ಹೋಗುವಾಗ ರಸ್ತೆಯ ಪಕ್ಕದಲ್ಲಿ ಉದ್ದನೆಯ ಹಲಗೆಯ ಕೊಟ್ಟಿಗೆಗಳು ಕಂಡವು. ಗೋಡೆಯ ಹಲಗೆಗಳನ್ನು ಅಲ್ಲಲ್ಲಿ ಬಾಗಿಲಿನಂತೆ ತೆರೆದಿಟ್ಟಿದ್ದರು. ಒಳಗೆ ತಲೆಕೆಳಗಾಗಿ ತೂಗುಹಾಕಿದ ಗಿಡಗಳು. 'ಇದು ಬ್ಯಾರನ್ ಅಲ್ಲವೇನೋ?' ಎಂದೆ. ತಮ್ಮನಿಗೆ ಆಶ್ಚರ್ಯ. ಐದು ವರ್ಷದಿಂದ ಅಲ್ಲಿದ್ದರೂ ಅವನು ಅವನ್ನು ದನದ ಕೊಟ್ಟಿಗೆ ಎಂದುಕೊಂಡಿದ್ದನಂತೆ. ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಹದಿನೇಳನೆಯ ಶತಮಾನದಿಂದಲೂ ಹೊಗೆಸೊಪ್ಪು ಬೆಳೆಯುತ್ತಾರೆ ಎಂಬುದನ್ನು ನಮಗೆ ಹೇಳಿದವರು ಪಕ್ಕದ ಮನೆಯ ಹಿರಿಯರು. ಎಂಬತ್ತರ ಹತ್ತಿರದ ವಯಸ್ಸು, ಚುಟ್ಟಾ ವ್ಯಾಪಾರದಿಂದ ನಿವೃತ್ತರಾದವರು, ರುಚಿ ನೋಡಿ ಅಂಕ ಕೊಡುವುದರಲ್ಲಿ ಪಳಗಿದವರು. ಅವರ ತಾಯಿ ಹುಡುಗಿಯಾಗಿದ್ದಾಗ ಇಂಥ ಕೊಟ್ಟಿಗೆಗಳಲ್ಲಿ ಎಲೆ ಪೋಣಿಸುವ ಕೂಲಿಗೆ ಹೋಗುತ್ತಿದ್ದರಂತೆ. ನಾನು ಹೊಗೆಸೊಪ್ಪಿನ ನಾಡಿನ ಮೇಡಂ ಎಂದು ತಿಳಿದದ್ದೇ ಅವರಿಗೆ ಉತ್ಸಾಹ ಬಂತು. ಹಿತ್ತಿಲಿನ ಜಗಲಿಗೆ ಕರೆದು ಕೂರಿಸಿ, ತಮ್ಮ ವಿದ್ಯೆಯನ್ನು ಎರಡು ಸಂಜೆಗಳಲ್ಲಿ ನನಗೆ ತೋರಿಸಿಕೊಟ್ಟರು.

ಆ ವಿದ್ಯೆಯನ್ನು ಸ್ವಲ್ಪ ವಿವರಿಸಬೇಕು. ಕೈಯಲ್ಲಿ ಸುತ್ತಿದ ಒಳ್ಳೆಯ ಚುಟ್ಟಾಕ್ಕೆ ಮೂರು ಪದರ. ನಮ್ಮ ಹೋಳಿಗೆಗೆ ಹೂರಣ, ಕಣಕ ಇದ್ದಂತೆ ಅದಕ್ಕೆ ಒಳಗೊಂದು ಹೂರಣದೆಲೆ, ಅದನ್ನು ಬಿಗಿಯುವ ಕಟ್ಟೆಲೆ, ಎಲ್ಲಕ್ಕಿಂತ ಹೊರಗೆ ಹೊದಿಕೆಯ ಎಲೆ. ಹೊದಿಕೆಯ ಎಲೆಯೇ ಚುಟ್ಟಾದ ಮುಖ. ಅದರಲ್ಲಿ ತೂತು, ಕಲೆ, ದಪ್ಪ ನರ ಇರಕೂಡದು. ಕಪ್ಪು ಹೊದಿಕೆಗೆ ಅವರು 'ಮದುರೊ' ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ 'ಮಾಗಿದ್ದು'. ಬಾಳೆಹಣ್ಣಿಗೂ ಅದೇ ಮಾತು. ಕನೆಕ್ಟಿಕಟ್‌ನ ಅಗಲ ಎಲೆಯ ತಳಿ ಈ ಮಾಗುವಿಕೆಗೆ ಹೆಸರಾದದ್ದು. ತೆರೆದ ಬಿಸಿಲಿನಲ್ಲಿ ಬೆಳೆದ ದಪ್ಪ ಎಲೆ ಅದು. ಗಿಡವನ್ನು ಬುಡಸಮೇತ ಕಡಿದು ಕೊಟ್ಟಿಗೆಯಲ್ಲಿ ತೂಗುಬಿಟ್ಟು ವಾರಗಟ್ಟಲೆ ಗಾಳಿಗೆ ಒಣಗಿಸುತ್ತಾರೆ. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕಂದು. ಆಮೇಲೆ ತೇವ ಕೊಟ್ಟು ದೊಡ್ಡ ರಾಶಿ ಒಟ್ಟುತ್ತಾರೆ. ನಮ್ಮ ತಿಪ್ಪೆ ಒಳಗಿಂದೊಳಗೇ ಕಾವೇರುವ ಹಾಗೆ ರಾಶಿಯೂ ತನ್ನ ಪಾಡಿಗೆ ತಾನು ಬಿಸಿಯಾಗುತ್ತದೆ. ಬಿಸಿ ಮಿತಿ ಮೀರುವ ಮುಂಚೆ ರಾಶಿ ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟಬೇಕು. ಹೀಗೆ ತಿಂಗಳುಗಟ್ಟಲೆ. ಅಮೋನಿಯದ ಘಾಟು ಹೊರಗೆ ಹೋಗುತ್ತದೆ, ಗಂಟಲು ಕೆರೆಯುವ ಗುಣ ತಗ್ಗುತ್ತದೆ, ಬಣ್ಣ ಗಾಢವಾಗುತ್ತದೆ. ತೆಳು ಎಲೆಯಾದರೆ ಇಷ್ಟು ಕಾವಿಗೆ ಹರಿದುಹೋಗುತ್ತದೆ. ಮಾಗುವುದಕ್ಕೂ ತಾಳಿಕೆ ಬೇಕು.

ಇನ್ನು ರುಚಿ ನೋಡುವ ಕ್ರಮ. ಹಿರಿಯರು ಮೊದಲು ಮಾಡಿದ ಕೆಲಸ ಚುಟ್ಟಾದ ಕುತ್ತಿಗೆಗಿದ್ದ ಕಾಗದದ ಉಂಗುರವನ್ನು ತೆಗೆದದ್ದು. ಅದರ ಮೇಲೆ ಕಂಪನಿಯ ಹೆಸರು ಇರುತ್ತದೆ. 'ಹೆಸರು ಕಂಡರೆ ನಾಲಗೆ ಸುಳ್ಳು ಹೇಳುತ್ತದೆ' ಎಂದರು. ಅದೂ ಸಾಲದೆಂದು, ಉಂಗುರ ತೆಗೆದ ನಾಲ್ಕೈದು ಚುಟ್ಟಾಗಳನ್ನು ತಮ್ಮ ಹೆಂಡತಿಯಿಂದ ಕಲೆಸಿ, ಅದರಲ್ಲೊಂದನ್ನು ಆರಿಸಿಕೊಂಡರು. ಅದನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದರು. ಎಲೆಯ ಮೇಲೆ ಎಣ್ಣೆಯ ಮಿರುಗು, ಮರಳು ಕಾಗದದಂಥ ಸಣ್ಣ ಸಣ್ಣ ಉಬ್ಬು. ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಎಲ್ಲಾದರೂ ಟೊಳ್ಳಿದೆಯೇ, ಗಂಟಿದೆಯೇ ಎಂದು ತಡವಿದರು. ತುದಿಯನ್ನು ಮೂಸಿ ನೋಡಿದರು. ತಲೆಯ ಟೋಪಿಯಷ್ಟನ್ನು ಕತ್ತರಿಸಿ, ಹೊತ್ತಿಸದೆಯೇ ಒಂದು ಸಲ ಗಾಳಿ ಎಳೆದರು. ಆಮೇಲೆ ಬೆಂಕಿಯನ್ನು ತಾಕಿಸದೆ, ಹಪ್ಪಳ ಸುಡುವಂತೆ ತುಸು ದೂರದಿಂದ ಕಾಯಿಸಿ ಹೊತ್ತಿಸಿದರು. ಹೊಗೆಯನ್ನು ಎದೆಗೆ ಎಳೆಯುವಂತಿಲ್ಲ. ಬಾಯಲ್ಲಿಟ್ಟು, ಹೊರಳಿಸಿ, ಸ್ವಲ್ಪವನ್ನು ಮೂಗಿನಿಂದ ಬಿಡುವುದು. ಒಂದು ಚುಟ್ಟಾಕ್ಕೆ ಗಂಟೆಗೂ ಹೆಚ್ಚು ಹೊತ್ತು. ಅದನ್ನು ಮೂರು ಪಾಲು ಮಾಡಿ, ಒಂದೊಂದು ಪಾಲಿಗೂ ಬೇರೆ ಬೇರೆ ಟಿಪ್ಪಣಿ ಬರೆದರು. ಮೊದಲ ಪಾಲಿಗೆ ಕರಿಮೆಣಸು, ನಡುವಿನದಕ್ಕೆ ಕೋಕೋ ಮತ್ತು ಒಣದ್ರಾಕ್ಷಿ, ಕೊನೆಯದಕ್ಕೆ ಕಾಫಿ ಮತ್ತು ಮಣ್ಣು. ಬೆಂಕಿ ಸಮನಾಗಿ ಇಳಿಯುತ್ತಿದೆಯೇ, ಬೂದಿ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂಬುದೂ ಲೆಕ್ಕಕ್ಕೆ ಬಂತು.

ನಾನು ಹೊತ್ತಿಸಲಿಲ್ಲ. ಹೊತ್ತಿಸದ ಇನ್ನೊಂದನ್ನು ಕೈಗೆ ತೆಗೆದುಕೊಂಡು ಮೂಸಿದೆ. ಅವರು ಹೇಳಿದ ಕೋಕೋ ನನಗೆ ಸಿಗಲಿಲ್ಲ. ಸಿಕ್ಕಿದ್ದು ಆಲೆಮನೆಯಲ್ಲಿ ಪಾಕ ಬೆಲ್ಲವಾಗಿ ತಿರುಗುವ ಮುಂಚಿನ ಗಳಿಗೆಯ ವಾಸನೆ, ಅದರ ಹಿಂದೆ ಹಳೆಯ ಬೀರುವಿನ ಮರದ ವಾಸನೆ. ಹೇಳಿದೆ. ಅವರು ಅದನ್ನೂ ಬರೆದುಕೊಂಡರು. ಒಂದು ಮಾತು ಒಪ್ಪಿಕೊಳ್ಳಬೇಕು: ಅಷ್ಟು ಗಮನವಿಟ್ಟು ಒಂದು ವಸ್ತುವನ್ನು ನೋಡುವ ಮನುಷ್ಯನನ್ನು ನೋಡುವುದು ಸುಖದ ಸಂಗತಿ. ಬಿ.ಎ. ತರಗತಿಯಲ್ಲಿ ತೀ.ನಂ.ಶ್ರೀ.ಯವರ 'ಭಾರತೀಯ ಕಾವ್ಯಮೀಮಾಂಸೆ' ಓದುವಾಗ 'ಸಹೃದಯ' ಎಂಬ ಮಾತಿಗೆ ನಾವು ಬಾಯಿಪಾಠದ ಅರ್ಥ ಬರೆಯುತ್ತಿದ್ದೆವು. ಕವಿ ಒಂದು ಕಡೆ ಶ್ರಮಿಸಿದರೆ ಸಾಲದು, ಇನ್ನೊಂದು ಕಡೆ ಅದನ್ನು ಸವಿಯಲು ಪಳಗಿದ ಮನಸ್ಸೂ ಬೇಕು ಎಂಬ ತತ್ತ್ವ ಅದು. ಆ ಜಗಲಿಯಲ್ಲಿ ಕೂತಿದ್ದವರು ಚುಟ್ಟಾದ ಸಹೃದಯರು.

ಅಲ್ಲಿ ನನಗೆ ಮೊದಲ ಪಾಠ ಆದದ್ದು ಬಣ್ಣದ ಬಗ್ಗೆ. ಹಿಂದಿನ ಸಂಜೆ ಅವರು ತಮ್ಮನ ಮುಂದೆ ಎರಡು ಚುಟ್ಟಾ ಇಟ್ಟಿದ್ದರು. ಒಂದು ಗೋಧಿ ಬಣ್ಣದ್ದು, ಒಂದು ಕಡುಕಪ್ಪು. ಖಾರ ಕಡಿಮೆಯದು ಇರಲಿ ಎಂದು ತಮ್ಮ ಗೋಧಿ ಬಣ್ಣದ್ದನ್ನು ಆರಿಸಿಕೊಂಡ. ಕಾಲು ಗಂಟೆಯಲ್ಲಿ ಬೆವತು, ತಲೆ ಸುತ್ತಿ, ಸಕ್ಕರೆ ನೀರು ಕುಡಿದು ಮಲಗಿದ. ಹಿರಿಯರು ನಕ್ಕು ವಿವರಿಸಿದರು: ಕಡು ಕಡಕ್ ಎಲ್ಲ ಇರುವುದು ಒಳಗಿನ ಹೂರಣದಲ್ಲಿ. ಗಿಡದ ನೆತ್ತಿಯಲ್ಲಿ ಬಿಸಿಲು ಕುಡಿದು ಬೆಳೆದ ಎಲೆಗೆ ಸ್ಪ್ಯಾನಿಷಿನಲ್ಲಿ 'ಲಿಹೆರೊ' ಎಂಬ ಹೆಸರು. ಅದು ಎಷ್ಟು ಸೇರಿದೆ ಎಂಬುದರ ಮೇಲೆ ಚುಟ್ಟಾದ ಬಲ. ಹೊದಿಕೆ ಕಪ್ಪಗಿದ್ದ ಮಾತ್ರಕ್ಕೆ ಚುಟ್ಟಾ ಉಗ್ರವಲ್ಲ. ಬಹಳ ಸಲ ಕಪ್ಪು ಹೊದಿಕೆಯದೇ ಸೌಮ್ಯ, ಸಿಹಿ. ಬಣ್ಣ ಹೇಳುವುದು ಎಲೆ ಎಷ್ಟು ಮಾಗಿದೆ ಎಂಬುದನ್ನು ಮಾತ್ರ. ಅದನ್ನೂ ನಂಬುವಂತಿಲ್ಲ, ಮಾಗಿಸುವ ತಾಳ್ಮೆಯಿಲ್ಲದೆ ಬೇಯಿಸಿ, ಬಣ್ಣ ಹಚ್ಚಿ ಕಪ್ಪು ಮಾಡುವವರೂ ಉಂಟು.

ಹೆಣ್ಣು ನೋಡಲು ಬಂದವರು 'ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ' ಎಂದು ಹೇಳಿಹೋಗುವ ನಾಡಿನಿಂದ ಹೋದವಳಿಗೆ ಈ ಮಾತು ಬೇರೆ ರೀತಿಯಲ್ಲಿ ಕೇಳಿಸಿತು. ನಮ್ಮಲ್ಲಿ ಬಣ್ಣವೂ ಬೇಳೆಕಾಳಿನಂತೆ ಹೆಚ್ಚು, ಕಡಿಮೆ ಎಂದು ಅಳೆಯುವ ವಸ್ತು. ಆ ಕಣಿವೆಗೂ ಬಣ್ಣದ್ದೊಂದು ಕಥೆ ಇದೆ. ಸಿಮ್ಸ್‌ಬರಿ ಎಂಬ ಊರಿನ ಹೊಗೆಸೊಪ್ಪಿನ ಹೊಲಕ್ಕೆ 1944ರ ಬೇಸಿಗೆಯಲ್ಲಿ ದಕ್ಷಿಣದ ಅಟ್ಲಾಂಟಾದಿಂದ ಕಪ್ಪು ವಿದ್ಯಾರ್ಥಿಗಳು ಕೂಲಿಗೆ ಬಂದರು, ಕಾಲೇಜಿನ ಖರ್ಚಿಗೆ ಹಣ ಕೂಡಿಸಲು. ಅವರಲ್ಲಿ 15 ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಇದ್ದರು. ಬಿಳಿಯರು ಹೋಗುವ ಹೋಟೆಲಿಗೆ ತಾವೂ ಹೋಗಬಹುದು, ಅದೇ ಚರ್ಚಿನಲ್ಲಿ ಕೂರಬಹುದು ಎಂಬುದನ್ನು ಆ ಹುಡುಗ ಮೊದಲ ಸಲ ಕಂಡು ಮನೆಗೆ ಕಾಗದ ಬರೆದ. ಬೇಸಿಗೆ ಮುಗಿದು ರೈಲಿನಲ್ಲಿ ದಕ್ಷಿಣಕ್ಕೆ ಮರಳುವಾಗ ಮತ್ತೆ ಕರಿಯರ ಬೋಗಿಗೆ ಹೋಗಿ ಕೂರಬೇಕಾಯಿತು. ಆ ಕಹಿಯನ್ನು ಅವರು ಮುಂದೆಯೂ ಮರೆಯಲಿಲ್ಲ. ಎಲೆಯ ಕಪ್ಪನ್ನು ಬೆಲೆ ಕೊಟ್ಟು ಕೊಂಡ ದೇಶವೇ ಎಲೆ ಮುರಿದ ಕೈಯ ಕಪ್ಪನ್ನು ಪರದೆಯ ಆಚೆ ಕೂರಿಸಿತ್ತು.

ಬೆಲೆ ಕಟ್ಟುವುದು ವಸ್ತುವಿನ ಮೇಲಷ್ಟೇ ಅಲ್ಲ, ಕೇಳುವವರ ಮೇಲೂ ಇದೆ ಎಂಬುದಕ್ಕೆ ನಮ್ಮ ಹುಣಸೂರಿನ ಹರಾಜು ಮಾರುಕಟ್ಟೆಯೇ ಸಾಕ್ಷಿ. ಅಲ್ಲಿ ನಿಂಬೆಯ ಹಳದಿಗೆ ಮೊದಲ ದರ್ಜೆ. ಬ್ಯಾರನ್ನಿನಲ್ಲಿ ಬೆಂಕಿ ಹದ ತಪ್ಪಿ ಎಲೆ ಕಪ್ಪಾದರೆ ರೈತನ ಮುಖವೂ ಕಪ್ಪಾಗುತ್ತದೆ. ಆ ಬೇಲು ಕೊನೆಯ ದರ್ಜೆಗೆ ಬೀಳುತ್ತದೆ. ಒಂದೇ ಜಾತಿಯ ಗಿಡ. ಒಂದು ಕಡೆ ಕಪ್ಪಾಗುವುದು ಕೆಡುವುದು, ಇನ್ನೊಂದು ಕಡೆ ಮಾಗುವುದು. ಹಾಗಾದರೆ ರುಚಿಯ ತೀರ್ಪೆಲ್ಲ ಬರೀ ಮನಸ್ಸಿನ ಮಾತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಹುಣಸೂರಿನವನು ಸೊಪ್ಪು ಹದವಾಗಿ ಬೆಂದಿದೆಯೇ ಎಂದು ನೋಡುತ್ತಾನೆ, ಅಲ್ಲಿನವನು ಹದವಾಗಿ ಹುದುಗಿದೆಯೇ ಎಂದು ನೋಡುತ್ತಾನೆ. ಹದ ಎಂಬುದು ಎರಡೂ ಕಡೆ ಉಂಟು. ಯಾವುದಕ್ಕೆ ಎಂದು ತಿಳಿಯದೆ ಹದವನ್ನು ಅಳೆಯಲಾಗುವುದಿಲ್ಲ, ಅಷ್ಟೇ.

ಎರಡನೆಯ ಸಂಜೆ ಹಿರಿಯರು ಅಂಕ ಕೊಟ್ಟರು. 1992ರಲ್ಲಿ ಶುರುವಾದ 'ಸಿಗಾರ್ ಅಫಿಶಿಯೊನಾಡೊ' ಎಂಬ ಅಮೆರಿಕದ ಪತ್ರಿಕೆ ಬಳಕೆಗೆ ತಂದ ಪದ್ಧತಿಯನ್ನೇ ಅವರೂ ಅನುಸರಿಸುತ್ತಿದ್ದರು. ಒಟ್ಟು 100 ಅಂಕ. ರೂಪ ಮತ್ತು ಕಟ್ಟಡಕ್ಕೆ 15, ರುಚಿಗೆ 25, ಉರಿಯುವ ಮತ್ತು ಎಳೆಯುವ ಗುಣಕ್ಕೆ 25, ಒಟ್ಟಾರೆ ಅನಿಸಿಕೆಗೆ 35. ನಾನು ಮೌಲ್ಯಮಾಪನ ಮಾಡುತ್ತಿದ್ದ ವರ್ಷಗಳಲ್ಲಿ ನಮ್ಮ ಎಸ್.ಎಸ್.ಎಲ್.ಸಿ.ಯಲ್ಲಿ ಪಾಸಾಗಲು ಬೇಕಿದ್ದದ್ದೂ 35! ಹೇಳಿದರೆ ಅವರು ಜೋರಾಗಿ ನಕ್ಕರು. ಆ ಚುಟ್ಟಾಕ್ಕೆ 13, 22, 23, 31, ಒಟ್ಟು 89 ಬಂತು. ಆಮೇಲೆ ಹೆಂಡತಿಯನ್ನು ಕೇಳಿ ಅದರ ಉಂಗುರ ಹುಡುಕಿಸಿದರು. ಡಬ್ಬಿಯಲ್ಲಿದ್ದವುಗಳಲ್ಲೇ ಅಗ್ಗದ್ದು ಅದು. ಅವರಿಗೆ ಮುಜುಗರವಾಗಲಿಲ್ಲ, ಸಂತೋಷವಾಯಿತು. ಹೆಸರು ಮುಚ್ಚಿದ್ದಕ್ಕೆ ಸಾರ್ಥಕವಾಯಿತಲ್ಲ ಎಂದರು.

ಹೆಸರು ಮುಚ್ಚುವ ಈ ನ್ಯಾಯ ನನಗೆ ಹೊಸದಲ್ಲ. ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರಪತ್ರಿಕೆಯ ಕಟ್ಟು ಬಿಚ್ಚಿದರೆ ಅಲ್ಲಿ ಹೆಸರಿಲ್ಲ, ಊರಿಲ್ಲ, ಜಾತಿಯಿಲ್ಲ; ಇರುವುದು ಒಂದು ಸಂಖ್ಯೆ. ಬಡವರ ಮಗು, ಉಳ್ಳವರ ಮಗು ಎಂಬ ಭೇದವಿಲ್ಲದೆ ಬರೆದದ್ದಕ್ಕೆ ಅಂಕ. ಮನುಷ್ಯ ಕಂಡುಹಿಡಿದ ನ್ಯಾಯದ ಉಪಾಯಗಳಲ್ಲಿ ಇದು ದೊಡ್ಡದು ಎಂದೇ ಇವತ್ತಿಗೂ ನನ್ನ ನಂಬಿಕೆ. ಆದರೆ ಫಲಿತಾಂಶ ಬಂದ ದಿನ ಶಾಲೆಗೆ ಪಟ್ಟಿ ಬರುತ್ತದೆ. ಆಗ ಸಂಖ್ಯೆಯ ಎದುರಿಗೆ ಹೆಸರು ಇರುತ್ತದೆ. ಗಣಿತದಲ್ಲಿ 28 ಎಂಬುದು ಅಲ್ಲಿ ಬರೀ 28 ಅಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಕಟ್ಟಲು ಹೋಗಿ ವಾರಕ್ಕೆ ಎರಡು ದಿನ ಮಾತ್ರ ಶಾಲೆಗೆ ಬಂದ ಮಗು ಅದು. ಮುಚ್ಚಿ ಅಂಕ ಕೊಟ್ಟವರ ಕೆಲಸ ಅಲ್ಲಿಗೆ ಮುಗಿಯಿತು. ತೆರೆದು ನೋಡುವವರ ಕೆಲಸ ಅಲ್ಲಿಂದ ಶುರು. ಮೊದಲನೆಯದಿಲ್ಲದೆ ಎರಡನೆಯದು ಪಕ್ಷಪಾತವಾಗುತ್ತದೆ. ಎರಡನೆಯದಿಲ್ಲದೆ ಮೊದಲನೆಯದು ಕುರುಡಾಗುತ್ತದೆ.

ಚುಟ್ಟಾದ ಉಂಗುರವನ್ನೂ ಹೀಗೆ ತೆರೆದು ನೋಡಬೇಕು. ಆಗ ಕಾಣುವುದು ಮೊದಲು ಕೈಗಳು. ಕನೆಕ್ಟಿಕಟ್‌ನ ಎಲೆ ನಿಕರಾಗುವಾದ ಎಸ್ತೆಲಿಗೋ ಡೊಮಿನಿಕನ್ ಗಣರಾಜ್ಯಕ್ಕೋ ಹೋಗಿ ಅಲ್ಲಿನ ಕೈಗಳಲ್ಲಿ ಚುಟ್ಟಾ ಆಗುತ್ತದೆ. ಈ ಕಸುಬಿನ ತವರು ಕ್ಯೂಬಾ. ಅಲ್ಲಿನ ಒಂದು ಪದ್ಧತಿ ನನ್ನಂಥವಳಿಗೆ ಬಹಳ ಪ್ರಿಯವಾದದ್ದು. ಸಾಲಾಗಿ ಕೂತು ಚುಟ್ಟಾ ಸುತ್ತುವವರಿಗೆ ಎತ್ತರದ ಪೀಠದಲ್ಲಿ ಕೂತು ಒಬ್ಬರು ಓದಿ ಹೇಳುತ್ತಾರೆ. 1865ರಲ್ಲಿ ಹವಾನಾದ 'ಎಲ್ ಫಿಗರೊ' ಕಾರ್ಖಾನೆಯಲ್ಲಿ ಇದು ಶುರುವಾಯಿತು. ಓದುವವರಿಗೆ ಸಂಬಳ ಕೊಡುತ್ತಿದ್ದವರು ಕಾರ್ಮಿಕರೇ, ತಮ್ಮ ಕೂಲಿಯಿಂದ ಎತ್ತಿ. ಬೆಳಗ್ಗೆ ವರ್ತಮಾನ ಪತ್ರಿಕೆ, ಆಮೇಲೆ ಕಾದಂಬರಿ. ಕಿವಿ ತೆರೆದ ಕೂಲಿಕಾರರನ್ನು ಕಂಡರೆ ಆಳುವವರಿಗೆ ಭಯ. ಮರುವರ್ಷವೇ ಸ್ಪೇನಿನ ಸರ್ಕಾರ ಇದನ್ನು ನಿಷೇಧಿಸಿತು. ಆದರೂ ಪದ್ಧತಿ ಸಾಯಲಿಲ್ಲ. ಅಮೆರಿಕದ ಟ್ಯಾಂಪಾ ನಗರಕ್ಕೆ ವಲಸೆ ಹೋದ ಕಾರ್ಮಿಕರು ಇದನ್ನು ಜೊತೆಗೆ ಒಯ್ದರು. ಅಲ್ಲಿನ ಮಾಲೀಕರು 1931ರಲ್ಲಿ ಓದುವವರನ್ನು ಹೊರಹಾಕಿದರು. ಕ್ಯೂಬಾದಲ್ಲಿ ಮಾತ್ರ ಅದು ಉಳಿದುಬಂತು. 'ಮಾಂಟೆಕ್ರಿಸ್ಟೊ' ಎಂಬ ಹೆಸರಾಂತ ಚುಟ್ಟಾದ ಹೆಸರು ಡ್ಯೂಮಾನ ಕಾದಂಬರಿಯಿಂದ ಬಂದದ್ದು. 15 ಅಂಕದ 'ಕಟ್ಟಡ'ದ ಹಿಂದೆ ಇಂಥ ಬಾಳುಗಳಿವೆ.

ಉಂಗುರ ತೆರೆದಾಗ ಕಾಣುವ ಇನ್ನೊಂದು ಮುಖ ಅಷ್ಟು ಚೆಲುವಾದುದಲ್ಲ. ಇಬ್ಬನಿಯಲ್ಲಿ ನೆನೆದ ಹಸಿ ಸೊಪ್ಪನ್ನು ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಮೈಗೆ ಇಳಿಯುತ್ತದೆ. ವಾಂತಿ, ತಲೆನೋವು, ತಲೆಸುತ್ತು. ಒಂದು ದಪ್ಪ ಚುಟ್ಟಾದಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಹುದು. ಎದೆಗೆ ಎಳೆಯುವುದಿಲ್ಲ ಎಂಬ ಸಮಾಧಾನ ಬಾಯಿ, ಗಂಟಲು, ಅನ್ನನಾಳಗಳಿಗೆ ಅನ್ವಯಿಸುವುದಿಲ್ಲ. ಮನುಷ್ಯನ ಮನಸ್ಸಿನ ಒಳಕೋಣೆಗಳನ್ನೆಲ್ಲ ತೆರೆದು ತೋರಿಸಿದ ಸಿಗ್ಮಂಡ್ ಫ್ರಾಯ್ಡ್ ಚುಟ್ಟಾದ ಮಹಾ ಪ್ರೇಮಿ. 1923ರಲ್ಲಿ ಅವನ ಬಾಯಲ್ಲಿ ಕ್ಯಾನ್ಸರ್ ಕಾಣಿಸಿತು. 1939ರಲ್ಲಿ ಸಾಯುವವರೆಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಆದರೂ ಚುಟ್ಟಾ ಬಿಡಲಿಲ್ಲ. ಅವನಿಗೆ ತಿಳಿಯದೆ ಇತ್ತೇ? ಅಷ್ಟು ದೂರ ಏಕೆ, ಆಂಧ್ರದ ಕರಾವಳಿಯಲ್ಲಿ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಚುಟ್ಟಾ ಸೇದುವ ಹೆಂಗಸರಿದ್ದಾರೆ. ಅವರ ಅಂಗುಳಿನ ಹುಣ್ಣುಗಳನ್ನು ನಮ್ಮ ವೈದ್ಯರು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ನೂರು ಅಂಕದ ಪಟ್ಟಿಯಲ್ಲಿ ಇದಕ್ಕೆ ಕಲಂ ಇಲ್ಲ.

ಇಲ್ಲಿ ಎರಡು ಬಗೆಯ ಜನ ಎದುರಾಗುತ್ತಾರೆ. 'ಹಾಳಾದ ವಸ್ತುವಿಗೆ ಅಂಕ ಬೇರೆ ಕೇಡು. ಅದನ್ನು ಹೊಗಳುವುದೇ ಪಾಪ' ಎನ್ನುವವರು ಒಬ್ಬರು. 'ನನ್ನ ನಾಲಗೆ, ನನ್ನ ದುಡ್ಡು, ನಿಮಗೇನು?' ಎನ್ನುವವರು ಇನ್ನೊಬ್ಬರು. ಮೊದಲನೆಯವರು ನೈಪುಣ್ಯಕ್ಕೆ ಕಣ್ಣು ಮುಚ್ಚುತ್ತಾರೆ. ಕೆಟ್ಟ ಫಲದ ವಸ್ತು ಕೆಟ್ಟದಾಗಿಯೇ ತಯಾರಾಗಿರಬೇಕು ಎಂಬುದು ಅವರ ಆಸೆ. ಲೋಕ ಅಷ್ಟು ಸುಲಭವಾಗಿದ್ದರೆ ಯಾರೂ ದಾರಿ ತಪ್ಪುತ್ತಿರಲಿಲ್ಲ. ಎರಡನೆಯವರು ಫಲಕ್ಕೆ ಕಣ್ಣು ಮುಚ್ಚುತ್ತಾರೆ. ನಾಲಗೆ ಅವರದೇ ಸರಿ, ಆದರೆ ಎಲೆ ಮುರಿದ ಕೈ ಅವರದಲ್ಲ, ಆಸ್ಪತ್ರೆಯ ಬಾಗಿಲಲ್ಲಿ ಕೂರುವ ಹೆಂಡತಿ ಮಕ್ಕಳ ಕಾಲೂ ಅವರದಲ್ಲ. ಕಠೋಪನಿಷತ್ತು ಶ್ರೇಯಸ್ಸು, ಪ್ರೇಯಸ್ಸು ಎಂದು ಎರಡು ದಾರಿಗಳನ್ನು ಬೇರ್ಪಡಿಸಿ ತೋರಿಸುತ್ತದೆ. ನನ್ನ ಅನುಭವದಲ್ಲಿ ಅವೆರಡೂ ಹೀಗೆ ಬೇರೆ ಬೇರೆ ಬಾಗಿಲಲ್ಲಿ ನಿಂತು ಕರೆಯುವುದು ಅಪರೂಪ. ಹೆಚ್ಚು ಸಲ ಒಂದೇ ಎಲೆಯ ಎರಡು ಮಗ್ಗುಲಾಗಿ ಬರುತ್ತವೆ. ಕೊಯ್ದು ಬೇರೆ ಮಾಡಲು ಆಗುವುದಿಲ್ಲ, ಎರಡನ್ನೂ ನೋಡಬೇಕಾಗುತ್ತದೆ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಶಾಲೆಯ ಬೇಲಿಯ ಆಚೆಗೇ ಹೊಗೆಸೊಪ್ಪಿನ ಹೊಲ ಇತ್ತು. 2003ರ ಕಾನೂನಿನ ಪ್ರಕಾರ ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು ಗೇಟಿನ ಹತ್ತಿರ ಫಲಕ ಬರೆಸಿದ್ದೆವು. ಬೆಳೆಯುವುದಕ್ಕೆ ಆ ಕಾನೂನಿನ ಅಡ್ಡಿಯಿರಲಿಲ್ಲ. ಫಲಕದ ಬುಡದಲ್ಲೇ ನಿಂತು ಮಕ್ಕಳು ಗಾಳಿಗೆ ತಲೆದೂಗುವ ಸೊಪ್ಪನ್ನು ನೋಡುತ್ತಿದ್ದರು. ಸಮಾಜದ ಕಿರುಪರೀಕ್ಷೆಗೆ ಒಮ್ಮೆ ನಾನು ಎರಡು ಅಂಕದ ಪ್ರಶ್ನೆ ಹಾಕಿದೆ: ತಂಬಾಕಿನಿಂದಾಗುವ ಹಾನಿಗಳೇನು? ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಸೊಪ್ಪನ್ನು ಮುಟ್ಟಿ ನೋಡಿಯೇ ಯಾವ ದರ್ಜೆ ಎಂದು ಹೇಳಬಲ್ಲವಳು; ಅವಳು ವಿಂಗಡಿಸಿದ ಬೇಲಿಗೆ ಎದುರುಮಾತಿಲ್ಲ ಎಂದು ಅವಳ ಅಪ್ಪನೇ ನನ್ನ ಹತ್ತಿರ ಹೆಮ್ಮೆಪಟ್ಟಿದ್ದ. ಬೆರಳ ತುದಿಗಳಲ್ಲಿ ಸೋಪಿಗೆ ಹೋಗದ ಸೊಪ್ಪಿನ ಕರೆ.

'ಮಿಸ್, ತಂಬಾಕು ಕೆಟ್ಟದ್ದು ಅಂತ ಬರೆದ್ರೆ ನೀವು ಎರಡು ಮಾರ್ಕ್ಸ್ ಕೊಡ್ತೀರ. ನಮ್ಮಪ್ಪ ಒಳ್ಳೇ ಸೊಪ್ಪು ಮಾಡಿದ್ರೆ ಮಾರ್ಕೆಟ್ನಲ್ಲಿ ಒಳ್ಳೇ ರೇಟ್ ಕೊಡ್ತಾರೆ. ಒಳ್ಳೇದು ಅಂದ್ರೆ ಯಾವ್ದು ಮಿಸ್?'

ತರಗತಿ ನಗಲಿಲ್ಲ. ಎಲ್ಲರ ಮನೆಯ ಪ್ರಶ್ನೆ ಅದು. ಅವಳ ಅಪ್ಪನ ಮುಖ, ಬ್ಯಾರನ್ನಿನ ಬಾಗಿಲಲ್ಲಿ ನಿದ್ದೆಗೆಟ್ಟು ಬೆಂಕಿ ಕಾಯುವ ಆ ಕೆಂಪು ಕಣ್ಣು, ನನ್ನ ಮುಂದೆ ಬಂತು. 'ನಿಮ್ಮಪ್ಪ ಸೊಪ್ಪನ್ನು ಹದವಾಗಿ ಮಾಡುವುದು ಒಳ್ಳೆಯ ಕೆಲಸಗಾರಿಕೆ. ಆ ಸೊಪ್ಪು ಸುಟ್ಟವರ ಎದೆಗೆ ಒಳ್ಳೆಯದಲ್ಲ. ಎರಡೂ ನಿಜ. ಒಂದನ್ನು ಹೇಳುವಾಗ ಇನ್ನೊಂದನ್ನು ಅಳಿಸಬೇಡ. ಎರಡನ್ನೂ ಬರೆ' ಎಂದೆ.

ಅವಳು ಹಾಳೆ ನೋಡಿ, 'ಎರಡೂ ಬರೆದ್ರೆ ಜಾಗ ಸಾಲಲ್ಲ ಮಿಸ್. ಎರಡೇ ಗೆರೆ ಬಿಟ್ಟಿದೀರ' ಎಂದಳು.

ಜಾಗ ಸಾಲುವುದಿಲ್ಲ ಎಂಬುದು ನಿಜ. ಚುಟ್ಟಾಕ್ಕೆ 89 ಕೊಟ್ಟವರ ಪಟ್ಟಿಯಲ್ಲೂ ಜಾಗ ಇರಲಿಲ್ಲ. ಸೊಪ್ಪಿಗೆ ದರ್ಜೆ ಕೊಡುವ ಹರಾಜಿನ ಚೀಟಿಯಲ್ಲೂ ಇಲ್ಲ, ಹಾನಿಯನ್ನಷ್ಟೇ ಬರೆಸುವ ನಮ್ಮ ಪಾಠದಲ್ಲೂ ಇಲ್ಲ. ಪಟ್ಟಿಗಳೆಲ್ಲ ಒಂದೊಂದು ಪ್ರಶ್ನೆಗೆ ಮಾಡಿದವು. ಅದು ಪಟ್ಟಿಯ ದೋಷವಲ್ಲ. ಒಂದು ಪಟ್ಟಿಯ ಅಂಕವನ್ನು ಇನ್ನೊಂದು ಪ್ರಶ್ನೆಗೆ ಉತ್ತರವೆಂದು ತೋರಿಸುವುದು ಮಾತ್ರ ದೋಷ. 89 ಬಂತು, ಆದ್ದರಿಂದ ಸೇದಬಹುದು ಎನ್ನುವುದೂ ಹಾಗೆಯೇ. ಸೇದಬಾರದು, ಆದ್ದರಿಂದ 89 ಸುಳ್ಳು ಎನ್ನುವುದೂ ಹಾಗೆಯೇ. ಆ ಹಿರಿಯರ ತೀರ್ಪಿನಿಂದ ನಾನು ಒಂದು ಅಂಕವನ್ನೂ ಕಳೆಯುವುದಿಲ್ಲ. ನನ್ನ ತಮ್ಮನ ಮಗ ನಾಳೆ ಒಂದು ಚುಟ್ಟಾ ಹೊತ್ತಿಸಿದರೆ ಕೈಯಿಂದ ಕಿತ್ತುಕೊಳ್ಳುವುದನ್ನೂ ಬಿಡುವುದಿಲ್ಲ. ಇವೆರಡಕ್ಕೂ ಜಗಳವಿಲ್ಲ.

ಹೊಗೆಸೊಪ್ಪು ಬಿಟ್ಟು ಬೇರೆ ಬೆಳೆಗೆ ಹೋಗಿ ಎಂದು ನಮ್ಮ ಸೀಮೆಯ ರೈತರಿಗೆ ಹೇಳುವವರು ಬಹಳ ಜನ. ಹೇಳಬೇಕಾದದ್ದೇ. ಆದರೆ ಹೇಳುವವರು ಮೊದಲು ಬ್ಯಾರನ್ನಿನ ಬಾಗಿಲಲ್ಲಿ ಒಂದು ರಾತ್ರಿ ಕೂತು, ಆ ಕೈಗೆ ಎಷ್ಟು ಹದ ಗೊತ್ತು ಎಂಬುದನ್ನು ನೋಡಿ ಬರಲಿ. ನೈಪುಣ್ಯವನ್ನು ಕಂಡು ಗೌರವಿಸಿದವರ ಬುದ್ಧಿಮಾತು ಕಿವಿಗೆ ಇಳಿಯುತ್ತದೆ. ಅಷ್ಟು ಹದ ಬಲ್ಲ ಕೈಗೆ ಇನ್ನೊಂದು ಬೆಳೆಯೂ ಒಲಿದೀತು, ಅದಕ್ಕೂ ಹೀಗೇ ನೆಚ್ಚಿಕೊಳ್ಳಬಹುದಾದ ಮಾರುಕಟ್ಟೆ, ದರ ಇದ್ದರೆ. ತಿರಸ್ಕಾರದಿಂದ ಶುರುವಾದ ನೀತಿಗೆ ಯಾವ ಊರಿನಲ್ಲೂ ಬಾಗಿಲು ತೆರೆಯುವುದಿಲ್ಲ.

ಆ ಹುಡುಗಿ ಪರೀಕ್ಷೆಯ ಹಾಳೆಯಲ್ಲಿ ನಾನು ಬಿಟ್ಟಿದ್ದ ಎರಡು ಗೆರೆಯ ಕೆಳಗೆ ಅಡ್ಡಪಟ್ಟಿಯಿಟ್ಟು ಇನ್ನೂ ಮೂರು ಗೆರೆ ಎಳೆದುಕೊಂಡಿದ್ದಳು. ಮೇಲೆ ಹಾನಿಗಳನ್ನು ಕ್ರಮವಾಗಿ ಬರೆದು, ಕೆಳಗೆ ತನ್ನ ಮನೆಯಲ್ಲಿ ಸೊಪ್ಪು ಹೇಗೆ ಹದ ಮಾಡುತ್ತಾರೆ ಎಂದು ಬರೆದಿದ್ದಳು. ಕೊನೆಯ ಗೆರೆಯಲ್ಲಿ, ನಾನು ಓದಿ ನರ್ಸ್ ಆಗುತ್ತೇನೆ ಎಂದಿತ್ತು. ಕೇಳಿದ್ದು ಎರಡು ಅಂಕದ ಪ್ರಶ್ನೆ. ಎರಡಕ್ಕೆ ಎರಡು ಕೊಟ್ಟೆ. ಮೂರನೆಯದಕ್ಕೆ ಕಲಂ ಇರಲಿಲ್ಲ.